ಕಡತದ ವಿಳಾಸ: ಕೂಡಿಸುವ ಬಗೆ, ಬಿಡಿಸುವ ಬಗೆ

‘ಮಳೆಗಾಲ’ ಎಂಬ ಪದವನ್ನು ಬಿಡಿಸಿ ಬರೆಯಿರಿ ಎಂದು ಕನ್ನಡ ಪರೀಕ್ಷೆಯಲ್ಲಿ ಕೇಳುವುದುಂಟು. ‘ಮಳೆ + ಗಾಲ’ ಎಂದು ಬರೆದವರಿಗೆ ಅಂಕ ಸಿಗುವುದಿಲ್ಲ. ಮೊದಲು ಪದವನ್ನು ಎರಡು ಭಾಗ ಮಾಡಬೇಕು. ಆಮೇಲೆ, ಕೂಡುವಾಗ ಗಕಾರವಾಗಿದ್ದುದನ್ನು ಮತ್ತೆ ಕಕಾರ ಮಾಡಿ ‘ಮಳೆ + ಕಾಲ’ ಎನ್ನಬೇಕು. ಇದು ಆದೇಶ ಸಂಧಿ. ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಕಡತಗಳನ್ನು ಸಾಗಿಸಲು ಬರೆಯುವ ವಿಳಾಸಕ್ಕೂ ಇಂಥದೇ ವ್ಯಾಕರಣವಿದೆ ಎಂದರೆ ವಿದ್ಯಾರ್ಥಿ ಮಿತ್ರರಿಗೆ ಆಶ್ಚರ್ಯವಾಗಬಹುದು.

ಮೊದಲು ನಮ್ಮ ಕಂಬದೂರಿಗೆ ಬರುವ ಅಂಚೆಯನ್ನೇ ನೋಡೋಣ. ಲಕೋಟೆಯ ಮೇಲೆ ಹೆಸರು, ಬೀದಿ, ಊರು, ಜಿಲ್ಲೆ, ಪಿನ್ ಸಂಖ್ಯೆ ಹೀಗೆ ಒಂದು ಕ್ರಮವಿರುತ್ತದೆ. ಪಿನ್ ಪದ್ಧತಿಯು 1972ನೆಯ ಇಸವಿ ಆಗಸ್ಟ್ 15ರಂದು ಜಾರಿಗೆ ಬಂದಿತು. ಕಲ್ಯಾಣದುರ್ಗದ ಪಿನ್ 515761. ನೆರೆಯ ಪಾವಗಡದ್ದು 561202. ಎರಡಕ್ಕೂ ಮೊದಲ ಅಂಕಿ 5. ಆಂಧ್ರ, ತೆಲಂಗಾಣ, ಕರ್ನಾಟಕ ಮೂರಕ್ಕೂ ಅದೇ ಅಂಕಿ. ಮುಂದಿನ ಅಂಕಿಗಳನ್ನು ಓದಿದಾಗಲೇ ಪತ್ರಗಳ ದಾರಿ ಬೇರೆಯಾಗುತ್ತದೆ. ಅಂಕಿಗಳೆಲ್ಲವೂ ಸರಿಯಾಗಿದ್ದು, ಅವುಗಳ ಸ್ಥಾನ ಮಾತ್ರ ಅದಲುಬದಲಾದರೆ ಪತ್ರವು ಇನ್ನೆಲ್ಲಿಗೋ ಹೋಗುತ್ತದೆ.

ಪಿನ್ ಬರುವುದಕ್ಕೆ ಒಂದು ವರ್ಷ ಮೊದಲು, 1971ರ ಏಪ್ರಿಲ್ ತಿಂಗಳಲ್ಲಿ, ಗಣಕಯಂತ್ರಗಳ ನಡುವೆ ಕಡತ ಸಾಗಿಸುವ ನಿಯಮಾವಳಿಯ ಮೊದಲ ಕರಡು ಅಮೆರಿಕದಲ್ಲಿ ಪ್ರಕಟವಾಯಿತು. ಅದನ್ನು ಬರೆದವರು ಕಾನ್ಪುರದ ಐ.ಐ.ಟಿ.ಯ ಮೊದಲ ತಂಡದ ಪದವೀಧರರಾದ ಅಭಯ್ ಭೂಷಣ್ ಎಂಬ ಭಾರತೀಯರು. ಆ ನಿಯಮಾವಳಿಗೆ ‘ಫೈಲ್ ಟ್ರಾನ್ಸ್‌ಫರ್ ಪ್ರೊಟೊಕಾಲ್’, ಚಿಕ್ಕದಾಗಿ ಎಫ್‌ಟಿಪಿ ಎಂದು ಹೆಸರು. ಅದರ ವಿಳಾಸವನ್ನು ಒಂದೇ ಸಾಲಿನಲ್ಲಿ ಹೇಗೆ ಬರೆಯಬೇಕೆಂಬುದನ್ನು ಟಿಮ್ ಬರ್ನರ್ಸ್-ಲೀ ಮತ್ತು ಸಂಗಡಿಗರು 1994ರ ಡಿಸೆಂಬರಿನಲ್ಲಿ ಗೊತ್ತುಪಡಿಸಿದರು.

ಅಂಥ ವಿಳಾಸದ ಮಾದರಿಯೊಂದು ಹೀಗಿದೆ. ಓದುವ ಅನುಕೂಲಕ್ಕಾಗಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ:

ಎಫ್‌ಟಿಪಿ://ರವಿ:ಮಳೆಬೆಳೆ@ಶಾಲೆ.ಉದಾಹರಣೆ:21/ಅಂಕಪಟ್ಟಿ/ಹತ್ತು

ಮೊದಲನೆಯದು ಸಾಗಣೆಯ ವಿಧಾನ. ‘ರವಿ’ ಎಂಬುದು ಬಳಸುವವನ ಹೆಸರು, ‘ಮಳೆಬೆಳೆ’ ಅವನ ಗುಪ್ತಪದ. @ ಚಿಹ್ನೆಯ ನಂತರ ಬರುವುದು ಕಡತವಿರುವ ಯಂತ್ರದ ಹೆಸರು, ಪತ್ರಕ್ಕೆ ಊರಿದ್ದಂತೆ. 21 ಎಂಬುದು ಆ ಯಂತ್ರದೊಳಕ್ಕೆ ಹೋಗುವ ಬಾಗಿಲಿನ ಸಂಖ್ಯೆ. ಎಫ್‌ಟಿಪಿಗೆ ಅದೇ ವಾಡಿಕೆಯಾದ್ದರಿಂದ ಬರೆಯದಿದ್ದರೂ ನಡೆಯುತ್ತದೆ. ಅಲ್ಲಿಂದ ಮುಂದಿನದು ಕಡತದ ದಾರಿ.

ಈಗ ರವಿಯು ತನ್ನ ಗುಪ್ತಪದವನ್ನು ‘ಮಳೆ#ಬೆಳೆ’ ಎಂದು ಬದಲಾಯಿಸಿದನೆನ್ನಿ. ಅದನ್ನು ಹಾಗೆಯೇ ವಿಳಾಸದಲ್ಲಿ ಸೇರಿಸಿದರೆ ಏನಾಗುತ್ತದೆ? # ಚಿಹ್ನೆ ಬಂದೊಡನೆ ಯಂತ್ರ ಮತ್ತು ದಾರಿಯ ವಿವರ ಮುಗಿಯಿತೆಂದು ನಿಯಮವಿದೆ. ಆದುದರಿಂದ ಓದುವ ಯಂತ್ರಕ್ಕೆ ಸಿಗುವುದು ‘ರವಿ:ಮಳೆ’ ಎಂಬಷ್ಟೇ. ಅದು ರವಿಯನ್ನೇ ಊರೆಂದೂ ಮಳೆಯನ್ನೇ ಬಾಗಿಲ ಸಂಖ್ಯೆಯೆಂದೂ ತಿಳಿದು ಗೊಂದಲಕ್ಕೀಡಾಗುತ್ತದೆ! ಗುಪ್ತಪದವೂ ಸರಿ, ಊರೂ ಸರಿ. ಆದರೂ ಕಡತ ಮಾತ್ರ ತಲುಪಲಿಲ್ಲ.

ಇದಕ್ಕೆ ಪರಿಹಾರವೇ ಆದೇಶ. ಭಾಗದೊಳಗೆ ಬರುವ ಇಂಥ ಚಿಹ್ನೆಗೆ ಬದಲಾಗಿ % ಚಿಹ್ನೆಯನ್ನೂ ಅದರ ಗೊತ್ತಾದ ಸಂಕೇತವನ್ನೂ ಬರೆಯಬೇಕು. # ಎಂಬುದಕ್ಕೆ %23, @ ಎಂಬುದಕ್ಕೆ %40, ಖಾಲಿ ಜಾಗಕ್ಕೆ %20, ಸ್ವತಃ % ಎಂಬುದಕ್ಕೆ %25. ಹೀಗೆ ಗುಪ್ತಪದವು ‘ಮಳೆ%23ಬೆಳೆ’ ಆಗುತ್ತದೆ.

ಇಲ್ಲಿ ಕ್ರಮವೇ ಮುಖ್ಯ. ವಿಳಾಸ ಕಟ್ಟುವಾಗ ಒಂದೊಂದು ಭಾಗವನ್ನೂ ಮೊದಲು ಬದಲಾಯಿಸಿ, ಆಮೇಲೆ ಕೂಡಿಸಬೇಕು. ಕೂಡಿಸಿದ ಮೇಲೆ ಬದಲಾಯಿಸಹೊರಟರೆ ಭಾಗಗಳನ್ನು ಬೇರ್ಪಡಿಸುವ @ ಮುಂತಾದ ಚಿಹ್ನೆಗಳೂ ಬದಲಾಗಿ ಕೀಲೇ ಕಳಚುತ್ತದೆ. ಓದುವಾಗ ಇದಕ್ಕೆ ವಿರುದ್ಧ: ಮೊದಲು ಬಿಡಿಸಬೇಕು, ಆಮೇಲೆ ಒಂದೊಂದು ಭಾಗವನ್ನೂ ಮೂಲರೂಪಕ್ಕೆ ತರಬೇಕು, ಅದೂ ಒಂದೇ ಸಲ. ಮಳೆಗಾಲವನ್ನು ಬಿಡಿಸಿದ್ದೂ ಹೀಗೆಯೇ ಅಲ್ಲವೇ?

ಪೈಥಾನ್ ಎಂಬ ಕ್ರಮವಿಧಿ ಭಾಷೆಯಲ್ಲಿ ಈ ಕೆಲಸಗಳಿಗೆ ಸಿದ್ಧ ಸಾಧನಗಳಿವೆ. ‘ಕೋಟ್’ ಎಂಬುದು ಚಿಹ್ನೆಗಳನ್ನು ಬದಲಾಯಿಸುತ್ತದೆ, ‘ಯುಆರ್‌ಎಲ್‌ಸ್ಪ್ಲಿಟ್’ ವಿಳಾಸವನ್ನು ಬಿಡಿಸುತ್ತದೆ, ‘ಅನ್‌ಕೋಟ್’ ಮೂಲರೂಪಕ್ಕೆ ತರುತ್ತದೆ. ಎರಡು ಎಚ್ಚರಿಕೆಗಳು ಅಗತ್ಯ. ಬೇರೆ ಹೇಳದಿದ್ದರೆ ‘ಕೋಟ್’ ಓರೆಗೆರೆಯನ್ನು ಹಾಗೆಯೇ ಬಿಡುತ್ತದೆ. ಗುಪ್ತಪದದಲ್ಲಿ ಓರೆಗೆರೆ ಇದ್ದರೆ ಅದನ್ನೂ ಬದಲಾಯಿಸುವಂತೆ ತಿಳಿಸಬೇಕು. ‘ಯುಆರ್‌ಎಲ್‌ಸ್ಪ್ಲಿಟ್’ ಗುಪ್ತಪದವನ್ನು ಬೇರ್ಪಡಿಸಿ ಕೊಡುತ್ತದೆಯೇ ಹೊರತು ಮೂಲರೂಪಕ್ಕೆ ತರುವುದಿಲ್ಲ. ಆ ಕೆಲಸ ನಮ್ಮದು.

ನಮ್ಮ ಊರಿನ ಹೆಸರನ್ನು ಕನ್ನಡದಲ್ಲಿಯೇ ಕಡತಕ್ಕೆ ಇಡಬಹುದೇ? ಧಾರಾಳವಾಗಿ ಇಡಬಹುದು. ‘ಕಂಬದೂರು’ ಎಂಬುದನ್ನು ಯಂತ್ರವು ಕ, ಅನುಸ್ವಾರ, ಬ, ದ, ಊಕಾರದ ಗುರುತು, ರ, ಉಕಾರದ ಗುರುತು ಎಂದು 7 ತುಣುಕುಗಳಾಗಿ ಕಾಣುತ್ತದೆ. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ತುಣುಕಿಗೂ 3 ಬೈಟುಗಳು ಬೇಕು. ಒಂದೊಂದು ಬೈಟನ್ನು ವಿಳಾಸದಲ್ಲಿ ಬರೆಯಲು % ಸೇರಿ 3 ಚಿಹ್ನೆಗಳು. ಒಟ್ಟು 7 × 3 × 3 = 63 ಚಿಹ್ನೆಗಳು! ನೋಡಲು ಗೋಜಲೆನಿಸಿದರೂ, ಇನ್ನೊಂದು ತುದಿಯಲ್ಲಿ ಬಿಡಿಸಿದಾಗ ‘ಕಂಬದೂರು’ ಒಂದು ಕೊಂಬೂ ಕೊಂಕದೆ ಹೊರಬರುತ್ತದೆ. ಹಾಗಾಗಿ ಗಡಿಯ ಕನ್ನಡಿಗರಾದ ನಾವು ಯಂತ್ರಕ್ಕೆ ಹೆದರಿ ಊರಿನ ಹೆಸರನ್ನು ಬೇರೆ ಲಿಪಿಗೆ ಬಗ್ಗಿಸಬೇಕಾಗಿಲ್ಲ.

ತಂದೆತಾಯಿಗಳಿಗೂ ಒಂದು ಮಾತು. ಹಳೆಯ ಎಫ್‌ಟಿಪಿಯಲ್ಲಿ ಗುಪ್ತಪದವು ಮುಚ್ಚುಮರೆಯಿಲ್ಲದೆ ಸಾಗುತ್ತದೆ. %23 ಎಂದು ಬರೆದರೆ ಅದು ಬೀಗವಲ್ಲ, ಯಾರು ಬೇಕಾದರೂ ಬಿಡಿಸಬಹುದಾದ ಸಂಧಿಯಷ್ಟೇ. ಕ್ರೋಮ್, ಫೈರ್‌ಫಾಕ್ಸ್ ವೀಕ್ಷಕಗಳು 2021ರಲ್ಲಿ ಎಫ್‌ಟಿಪಿಯನ್ನು ಕೈಬಿಟ್ಟವು. ಈಗ ಭದ್ರವಾದ ಎಸ್‌ಎಫ್‌ಟಿಪಿ ಬಳಕೆಯಲ್ಲಿದ್ದು, ಅದರ ವಿಳಾಸದ ಕಟ್ಟಡವೂ ಬಹುಮಟ್ಟಿಗೆ ಇದೇ. ಆದರೆ ಯಾವ ವಿಧಾನವಾದರೂ ಗುಪ್ತಪದವಿರುವ ವಿಳಾಸವನ್ನು ಇತರರಿಗೆ ಕಳುಹಿಸಬಾರದು. ಅದು ಕಾರ್ಡಿನ ಮೇಲೆ ಮನೆಯ ವಿಳಾಸದ ಜೊತೆಗೆ ಬೀಗದ ಕೈ ಇಟ್ಟ ಜಾಗವನ್ನೂ ಬರೆದು ಅಂಚೆಗೆ ಹಾಕಿದಂತೆ.

ಕೂಡಿಸುವುದನ್ನೂ ಬಿಡಿಸುವುದನ್ನೂ ಕನ್ನಡ ತರಗತಿಯಲ್ಲಿ ಚೆನ್ನಾಗಿ ಕಲಿತವರಿಗೆ ಈ ಹೊಸ ವ್ಯಾಕರಣ ಕಷ್ಟವಾಗಲಾರದು. ಆದುದರಿಂದ ಸಂಧಿಯ ಪಾಠ ನಡೆಯುವಾಗ ಯಾರೂ ತೂಕಡಿಸದಿರೋಣ!