ಪುಂಡನ ಪಾತ್ರ, ನರ್ತಕನ ಪಾದ

ಜೇಮ್ಸ್ ಕ್ಯಾಗ್ನಿ ಎಂದೊಡನೆ ಹಾಲಿವುಡ್ಡಿನ ಹಳೆಯ ಚಿತ್ರಗಳನ್ನು ಬಲ್ಲವರಿಗೆ ನೆನಪಾಗುವುದು ಪಿಸ್ತೂಲು ಹಿಡಿದ ಪುಂಡ. 1931ರ ‘ದಿ ಪಬ್ಲಿಕ್ ಎನಿಮಿ’ಯಲ್ಲಿ ಉಪಾಹಾರದ ಮೇಜಿನ ಮುಂದೆ ಹೆಣ್ಣೊಬ್ಬಳ ಮುಖಕ್ಕೆ ಹಣ್ಣಿನ ಹೋಳನ್ನು ತಿಕ್ಕಿದ ಆ ದೃಶ್ಯದ ಹಣೆಪಟ್ಟಿ ಅವರಿಂದ ಕಡೆಗೂ ಕಳಚಲಿಲ್ಲ.

1899ರಲ್ಲಿ ನ್ಯೂಯಾರ್ಕಿನ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಕ್ಯಾಗ್ನಿ, 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ತಂದೆಯನ್ನು ಕಳೆದುಕೊಂಡು, ಕಾಲೇಜು ಬಿಟ್ಟು ದುಡಿಮೆಗೆ ಇಳಿದರು. ರಂಗಭೂಮಿಗೆ ಬಂದದ್ದು ನರ್ತಕರಾಗಿ. 1922ರಲ್ಲಿ ಕೈಹಿಡಿದ ಫ್ರಾನ್ಸಿಸ್ ಅವರೊಡನೆ ಕೊನೆಯುಸಿರಿನವರೆಗೂ ಬಾಳಿದರು. ಹಾಲಿವುಡ್ಡಿನಲ್ಲಿ ಇದೇನು ಸಣ್ಣ ಮಾತಲ್ಲ.

ಕಥೋಲಿಕರಾದ ನಾವು ನೋಡಲೇಬೇಕಾದುದು ಅವರ 1938ರ ‘ಏಂಜಲ್ಸ್ ವಿತ್ ಡರ್ಟಿ ಫೇಸಸ್’. ಇಬ್ಬರು ಬಾಲಕರು ರೈಲಿನ ಬೋಗಿಯಲ್ಲಿ ಕಳ್ಳತನಕ್ಕೆ ಹೋಗುತ್ತಾರೆ. ವೇಗವಾಗಿ ಓಡಿದ ಜೆರ್ರಿ ತಪ್ಪಿಸಿಕೊಂಡು ಮುಂದೆ ಗುರುವಾಗುತ್ತಾನೆ. ಸಿಕ್ಕಿಬಿದ್ದ ರಾಕಿ ಪಾತಕಿಯಾಗುತ್ತಾನೆ. ಕೇರಿಯ ಹುಡುಗರಿಗೆ ರಾಕಿಯೇ ಆದರ್ಶ. ಅವನಿಗೆ ಮರಣದಂಡನೆಯಾದಾಗ ಫಾದರ್ ಜೆರ್ರಿ ಬೇಡುವುದು ಒಂದನ್ನೇ: ಹೇಡಿಯಂತೆ ಸಾಯಿ, ಆಗಲಾದರೂ ಈ ಹುಡುಗರು ನಿನ್ನ ದಾರಿ ಹಿಡಿಯಲಾರರು. ಪ್ರಾಣ ಹೇಗೂ ಹೋಗುವುದೇ. ರಾಕಿಯ ಬಳಿ ಉಳಿದಿದ್ದದ್ದು ಧೀರನೆಂಬ ಹೆಸರೊಂದೇ. ಅದನ್ನೂ ಕೊಡೆಂದರೆ? ಅವನು ಒಪ್ಪುವುದಿಲ್ಲ. ಆದರೆ ವಿದ್ಯುತ್ ಕುರ್ಚಿಯ ಬಳಿ ಒಯ್ದಾಗ ಗೋಗರೆದು ಅಳುತ್ತಾನೆ.

ಅದು ನಿಜವಾದ ಭಯವೋ, ಗೆಳೆಯನಿಗಾಗಿ ಮಾಡಿದ ತ್ಯಾಗವೋ? ಎರಡೂ ಅರ್ಥ ಬರುವಂತೆ ತಾವು ಬೇಕೆಂದೇ ಅಭಿನಯಿಸಿದ್ದಾಗಿ ಕ್ಯಾಗ್ನಿ ಮುಂದೆ ಹೇಳಿಕೊಂಡರು. ನಮಗಂತೂ ಅದು ತ್ಯಾಗವೆಂದೇ ತೋರುತ್ತದೆ. ಆದರೆ ಸಾಯುವವನಿಗೆ ನಟಿಸು ಎಂದು ಗುರುಗಳು ಹೇಳಬಹುದೇ ಎಂದು ಧರ್ಮೋಪದೇಶದ ತರಗತಿಯ ಮಕ್ಕಳು ಕೇಳಿದರೆ ಉತ್ತರಿಸುವುದು ಸುಲಭವಲ್ಲ. ಮನೆಯಲ್ಲಿ ಎಲ್ಲರೂ ಕುಳಿತು ಚರ್ಚಿಸಬೇಕಾದ ಪ್ರಶ್ನೆಯಿದು.

ಆ ವರ್ಷದ ಶ್ರೇಷ್ಠ ನಟ ಆಸ್ಕರ್ ಕ್ಯಾಗ್ನಿಗೆ ದಕ್ಕಲಿಲ್ಲ. ‘ಬಾಯ್ಸ್ ಟೌನ್’ ಚಿತ್ರದಲ್ಲಿ ಅನಾಥ ಬಾಲಕರ ಆಶ್ರಯದಾತ ಫಾದರ್ ಫ್ಲಾನಗನ್ ಆಗಿ ನಟಿಸಿದ ಸ್ಪೆನ್ಸರ್ ಟ್ರೇಸಿ ಅದನ್ನು ಪಡೆದರು. ಪುಂಡ ಗುರುವಿಗೆ ಸೋತ! ಮುಂದೆ ಕ್ಯಾಗ್ನಿಗೆ ಆಸ್ಕರ್ ತಂದದ್ದು ಪಿಸ್ತೂಲಲ್ಲ, 1942ರ ‘ಯಾಂಕೀ ಡೂಡಲ್ ಡ್ಯಾಂಡಿ’ಯ ಹಾಡು-ಕುಣಿತ.

1986ರ ಮಾರ್ಚ್ 30, ಪಾಸ್ಖ ಭಾನುವಾರದಂದು ಅವರು ನಿಧನರಾದರು. ದೃಢೀಕರಣ ಸಂಸ್ಕಾರ ಪಡೆದಿದ್ದ ಸಂತ ಫ್ರಾನ್ಸಿಸ್ ದೆ ಸಾಲ್ಸರ ದೇವಾಲಯದಲ್ಲೇ ಅಂತ್ಯಕ್ರಿಯೆಯ ಪೂಜೆ ನಡೆಯಿತು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮುಷ್ಟಿಯುದ್ಧದ ವೀರ ಫ್ಲಾಯ್ಡ್ ಪ್ಯಾಟರ್ಸನ್ ಇದ್ದರು. ನರ್ತಕ ಮಿಖಾಯಿಲ್ ಬರಿಷ್ನಿಕೋವ್ ಕೂಡ ಇದ್ದರು.