ಮೇಲೆ ಹೊಳಪು, ಒಳಗೆ ಹಪ್ಪಳ

ಅಕ್ಕನ ಮದುವೆಗೆ ಒಂದೂವರೆ ತಿಂಗಳಿರುವಾಗ ನಮ್ಮ 1986ರ ಪ್ರೀಮಿಯರ್ ಪದ್ಮಿನಿಗೆ ಹೊಸ ಬಣ್ಣ ಹೊಡೆಸಿದೆವು. ಐಡಿಯಾ ನನ್ನದೇ. ‘ಮೊದಲು ಅಡಿಭಾಗ ಬಿಚ್ಚಿ ನೋಡುವ’ ಎಂದರು ಅಪ್ಪ. ‘ಅಡಿ ಯಾರಪ್ಪ ನೋಡ್ತಾರೆ?’ ಎಂದೆ ನಾನು. 35 ಸಾವಿರ ಖರ್ಚಾಯಿತು. ಮದುವೆಯ ದಿನ ಮದುಮಕ್ಕಳಿಗಿಂತ ಕಾರಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡವರೇ ಜಾಸ್ತಿ.

ಚೌತಿ ಹೊತ್ತಿಗೆ ಬಾಗಿಲ ಕೆಳ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಉಗುರಿನಿಂದ ಒತ್ತಿದೆ, ಕಂದು ನೀರು ಬಂತು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಅಣ್ಣ ಜಾಕ್ ಕೊಟ್ಟು ಏರಿಸಲು ಹೋದರೆ ಕಾರು ಮೇಲೇಳಲಿಲ್ಲ. ‘ಕರ್’ ಎಂದು ಜಾಕೇ ಬಾಗಿಲ ಕೆಳಗಿನ ಪಟ್ಟಿಯೊಳಗೆ ಹೋಯಿತು. ‘ಎಂತ ಮಾರಾಯ, ಮೇಲೆ ಮದುಮಗಳು, ಒಳಗೆ ಹಪ್ಪಳ!’ ಎಂದು ಅವರು ನಕ್ಕರು. ಅಪ್ಪ ನಗಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಅದೇ ಕಷ್ಟವಾಯಿತು.

ಪದ್ಮಿನಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಆ ಟೊಳ್ಳು ಪಟ್ಟಿಗಳು ಅದರ ಬೆನ್ನುಮೂಳೆ ಇದ್ದಂತೆ. ಅಲ್ಲಿ ತುಕ್ಕು ಹಿಡಿದರೆ ಹಾಳಾಗುವುದು ಅಂದವಲ್ಲ, ಒಳಗೆ ಕೂತವರ ಜೀವಕ್ಕೇ ಅಪಾಯ. ಅಕ್ಕ, ಭಾವ ಇಬ್ಬರನ್ನೂ ಅದೇ ಕಾರಿನಲ್ಲಿ ಘಾಟಿ ಹತ್ತಿಸಿ ಕಳಿಸಿದ್ದೆವು ಎಂದು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ತುಕ್ಕಿಗೆ ಬೇಕಾಗಿರುವುದು ಕಬ್ಬಿಣ, ಗಾಳಿ, ನೀರು. ಉಪ್ಪು ಸೇರಿದರೆ ಕೆಲಸ ಚುರುಕಾಗುತ್ತದೆ. ನಮ್ಮ ಮನೆ ಮಲ್ಪೆ ಕಡಲಿನಿಂದ ಎರಡೇ ಕಿಲೊಮೀಟರ್. ಇಂದಿನ ಹಲವು ಕಾರುಗಳ ತಗಡಿಗೆ ಸತುವಿನ ಲೇಪ ಇರುತ್ತದೆ. ನಮ್ಮ ಕಾರಿನ ತಗಡಿಗೆ ಆ ಭಾಗ್ಯವಿಲ್ಲ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಅದು ಒಳಗಿನಿಂದ ಉಬ್ಬಿದಾಗಲೇ ಬಣ್ಣ ಗುಳ್ಳೆಯಾಗುವುದು. ಗುಳ್ಳೆ ಕಣ್ಣಿಗೆ ಬೀಳುವಷ್ಟರಲ್ಲಿ ಒಳಗಿನ ಕಥೆ ಬಹುಪಾಲು ಮುಗಿದಿರುತ್ತದೆ.

ನನಗೆ ಅಚ್ಚರಿಯಾದದ್ದು ಬಾಗಿಲಿನ ವಿಷಯ. ಗಾಜಿನ ಪಕ್ಕದ ಬೀಡಿಂಗ್ ದಾಟಿ ಮಳೆನೀರು ಬಾಗಿಲೊಳಗೆ ಇಳಿಯುವುದು ದೋಷವಲ್ಲ, ಬಾಗಿಲನ್ನು ಮಾಡಿರುವುದೇ ಹಾಗೆ. ಇಳಿದ ನೀರು ಹೊರಹೋಗಲೆಂದು ತಳದಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ನಮ್ಮ ಕಾರಿನಲ್ಲಿ ಧೂಳು, ತರಗೆಲೆ ಸೇರಿ ಅವು ಮುಚ್ಚಿಹೋಗಿದ್ದವು. ಉಳಿದದ್ದನ್ನು ಹೊಸ ಬಣ್ಣ ಮುಚ್ಚಿತ್ತು! ಬಾಗಿಲು ಹಾಕಿದಾಗ ‘ಗುಳುಗುಳು’ ಸದ್ದು ಕೇಳಿಸಿದರೆ ನೀರು ಒಳಗೇ ನಿಂತಿದೆ ಎಂದರ್ಥ. ನಮ್ಮ ಬಾಗಿಲು ಅಷ್ಟು ದಿನ ಕೂಗಿ ಹೇಳುತ್ತಲೇ ಇತ್ತು. ನಾನು ಸ್ಟೀರಿಯೊ ಹಾಕಿಕೊಂಡಿದ್ದೆ.

ಹಳೆ ಕಾರು ಕೊಳ್ಳುವ ಆಸೆಯಿರುವ ಗೆಳೆಯರು ಜೇಬಲ್ಲೊಂದು ಅಯಸ್ಕಾಂತ ಇಟ್ಟುಕೊಳ್ಳಿ. ತೆಳ್ಳನೆ ಬಟ್ಟೆ ಸುತ್ತಿ ಬಾಗಿಲ ಕೆಳಭಾಗ, ಚಕ್ರದ ಮೇಲಿನ ಕಮಾನು, ಹೆಡ್‌ಲೈಟ್ ಹಿಂದಿನ ಮಡ್‌ಗಾರ್ಡ್ ಮೇಲೆ ಆಡಿಸಿ. ಅಂಟದಿದ್ದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ. ಮ್ಯಾಟ್ ಎತ್ತಿ ಅದರಡಿಯ ಸ್ಪಂಜನ್ನು ಒತ್ತಿ ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಗುಂಡಿ ನೋಡಿ. ಮಾರುವವರಿಗೆ ಬೇಜಾರಾಗುತ್ತದೆ, ಆಗಲಿ.

ರಿಪೇರಿಗೆ ಎರಡು ತಿಂಗಳು ಹಿಡಿಯಿತು. ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ಹೊಸ ಪಟ್ಟಿ ಬೆಸೆದರು. ನನ್ನ ಇಂಟರ್ನ್‌ಶಿಪ್‌ನ ಅಷ್ಟೂ ಸ್ಟೈಪೆಂಡ್ ಅದಕ್ಕೇ ಹೋಯಿತು. ಬೆಸೆಯುವಾಗ ತಗಡಿನ ಹಿಂಬದಿಯ ಪ್ರೈಮರ್ ಸುಡುತ್ತದೆ. ಕೈ ಹೋಗದ ಆ ಜಾಗಕ್ಕೆ ಮತ್ತೆ ಬಣ್ಣ ಬಳಿಯಲಾಗದು. ಅದಕ್ಕಿರುವ ಉಪಾಯ ಕ್ಯಾವಿಟಿ ವ್ಯಾಕ್ಸ್. ಉದ್ದನೆ ತೆಳು ಕೊಳವೆಯನ್ನು ಈಗಿರುವ ತೂತುಗಳ ಮೂಲಕವೇ ತೂರಿಸಿ ಟೊಳ್ಳಿನೊಳಗೆ ಸಿಂಪಡಿಸುವ ಮೇಣ ಇದು. ಬೆಸುಗೆ ಸಂದುಗಳಿಗೆ ತಾನೇ ಹರಿದು ಹೋಗಿ ನೀರು, ಗಾಳಿಯನ್ನು ತಡೆಯುತ್ತದೆ. ವೆಲ್ಡಿಂಗ್ ಪೂರ್ತಿ ಮುಗಿದ ಮೇಲಷ್ಟೇ ಹಾಕಬೇಕು, ಇಲ್ಲವಾದರೆ ಬೆಂಕಿ ಹತ್ತೀತು.

ನಾವು ಏಪ್ರಿಲ್ ಬಿಸಿಲಿಗೆ ಕಾದೆವು. ಒಳಗೆಲ್ಲ ತೊಳೆದು, ಬಾಗಿಲ ರೆಕ್ಸಿನ್ ಪ್ಯಾಡ್ ಬಿಚ್ಚಿ ನಾಲ್ಕು ದಿನ ಒಣಗಿಸಿದೆವು. ಒದ್ದೆಯ ಮೇಲೆ ಮೇಣ ಹಾಕಿದರೆ ನೀರನ್ನು ಒಳಗೆ ಬೀಗ ಹಾಕಿ ಕೂಡಿಟ್ಟಂತೆ. ತುಕ್ಕಿನ ಮೇಲೆಯೇ ಕಪ್ಪು ಅಂಡರ್‌ಕೋಟಿಂಗ್ ಬಳಿಸುವವರ ಕಥೆಯೂ ಅದೇ: ಅಡಿ ನೋಡಲು ಚೆಂದ, ಅದರೊಳಗೆ ತಗಡು ಕರಗುತ್ತಿರುತ್ತದೆ. ತಳದ ತೂತುಗಳಿಂದ ಮೇಣ ತೊಟ್ಟಿಕ್ಕುವವರೆಗೂ ಸಿಂಪಡಿಸಿ, ಆಮೇಲೆ ತಂತಿ ಹಾಕಿ ಅವುಗಳನ್ನು ಮತ್ತೆ ಬಿಡಿಸಿದೆವು. ಕಾರಿಗೆ ಹೊದಿಸುತ್ತಿದ್ದ ಪ್ಲಾಸ್ಟಿಕ್ ಟರ್ಪಾಲು ಈಗ ಕಟ್ಟಿಗೆ ರಾಶಿಯ ಮೇಲಿದೆ. ಅದರಡಿಯಲ್ಲಿ ಕಾರು ಬೆವರುತ್ತಿತ್ತು.

ಈ ಜೂನ್‌ನಲ್ಲಿ ಮೊದಲ ಜೋರು ಮಳೆ ನಿಂತ ಕೂಡಲೇ ಅಪ್ಪ ಅಂಗಳಕ್ಕಿಳಿದರು. ಬಾಗಿಲನ್ನು ಎರಡು ಸಲ ತೆಗೆದು ಹಾಕಿ ಕಿವಿಗೊಟ್ಟರು. ಸದ್ದಿಲ್ಲ. ಬಗ್ಗಿ ತಳಕ್ಕೆ ಅಂಗೈ ಒಡ್ಡಿ, ‘ನೀರು ಬರ್ತಾ ಉಂಟು, ಬಾ ನೋಡು’ ಎಂದು ಕರೆದರು.