ಹಳೆಯ ಕಾರಿನ ತಂಪು ಎಲ್ಲಿ ಹೋಯಿತು?

ಹಳೆಯ ಕಾರಿನ ಏ.ಸಿ. ತಂಪು ಕೊಡದಿದ್ದರೆ 'ಗ್ಯಾಸ್ ಖಾಲಿಯಾಗಿದೆ, ತುಂಬಿಸಿ' ಎನ್ನುವುದು ವಾಡಿಕೆ. ಆದರೆ ಈ ಅನಿಲ ಪೆಟ್ರೋಲಿನಂತೆ ಉರಿದು ಮುಗಿಯುವಂಥದ್ದಲ್ಲ. ಕಂಪ್ರೆಸರ್ ಅದನ್ನು ಒತ್ತುತ್ತದೆ. ಕಾರಿನ ಮುಂಭಾಗದ ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಒಳಗಿನ ಕಾಯಿಲ್‌ನಲ್ಲಿ ಮತ್ತೆ ಆವಿಯಾಗುತ್ತಾ ಗಾಳಿಯ ಶಾಖ ಹೀರುತ್ತದೆ. ಕೈಗೆ ಹಚ್ಚಿದ ಸ್ಪಿರಿಟ್ ಆರುವಾಗ ತಣ್ಣಗೆನಿಸುವುದೂ ಇದೇ ತತ್ತ್ವದಿಂದ. ಅದೇ ಅನಿಲ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ಸೋರಿದ್ದು ಆಕಾಶ ಸೇರುತ್ತದೆ. 1990ರ ದಶಕದ ಆರಂಭದವರೆಗೆ ಕಾರುಗಳಲ್ಲಿ ಬಳಸುತ್ತಿದ್ದ ಆರ್-12ರ ಕ್ಲೋರಿನ್ ಓಜೋನ್ ಪದರಕ್ಕೆ ಮಾರಕ. 1974ರಲ್ಲೇ ವಿಜ್ಞಾನಿಗಳಾದ ಮೊಲೀನಾ ಮತ್ತು ರೋಲೆಂಡ್ ಈ ಬಗ್ಗೆ ಎಚ್ಚರಿಸಿದ್ದರು; 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಕಡಿವಾಣ ಹಾಕಿತು. ಬದಲಿಗೆ ಬಂದ ಆರ್-134ಎ ಓಜೋನನ್ನು ಕೆಡಿಸದು. ಆದರೆ ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ.

ಆದ್ದರಿಂದ ದುರಸ್ತಿಗೊಂದು ಕ್ರಮವಿದೆ. ಉಳಿದ ಅನಿಲವನ್ನು ಗಾಳಿಗೆ ಬಿಡದೆ ಯಂತ್ರದಿಂದ ಸಂಗ್ರಹಿಸಬೇಕು. ಸೋರುವ ಜಾಗವನ್ನು ಸರಿಪಡಿಸಬೇಕು. ಪಂಪಿನಿಂದ ನಿರ್ವಾತಗೊಳಿಸಿ ತೇವ ತೆಗೆಯಬೇಕು. ಆಮೇಲೆ ಅನಿಲವನ್ನು ತೂಗಿ ತುಂಬಬೇಕು. ಆರ್-12ರ ಕಾರಿಗೆ ಆರ್-134ಎ ಹಾಕುವುದಾದರೆ ಎಣ್ಣೆಯನ್ನೂ ಬದಲಿಸಬೇಕು. ಹಳೆಯ ಖನಿಜ ತೈಲ ಹೊಸ ಅನಿಲದೊಡನೆ ಬೆರೆಯದು.

ಪೋಷಕರೇ, ಗ್ಯಾರೇಜಿನಲ್ಲಿ 'ಗ್ಯಾಸಿಗೆ ಎಷ್ಟು?' ಎನ್ನುವ ಮೊದಲು 'ಸೋರುತ್ತಿರುವುದೆಲ್ಲಿ?' ಎಂದು ಕೇಳಿ. ಮಕ್ಕಳನ್ನೂ ಕರೆದೊಯ್ಯಿರಿ, ಪುಸ್ತಕದ ಪಾಠ ಅಲ್ಲಿ ಕಣ್ಣಿಗೆ ಕಂಡೀತು.